ಮೂರು ಡಬ್ಬಿ ಬೆಲ್ಲ: ಮಂಡಿಯ ಹೊಂಬಣ್ಣ, ಪ್ಯಾಕೆಟ್ ಪುಡಿ, ಆಲೆಮನೆಯ ಕಂದು ಉಂಡೆ

ಹೋದ ವರ್ಷ ಪೂರ್ತಿ ನಮ್ಮ ಅಡುಗೆಮನೆಯಲ್ಲಿ ಮೂರು ಬೆಲ್ಲದ ಡಬ್ಬಿಗಳಿದ್ದವು. ಒಂದರಲ್ಲಿ ಮೈಸೂರಿನ ಸಂತೇಪೇಟೆಯ ಮಂಡಿಯಿಂದ ತಂದ ಹೊಂಬಣ್ಣದ ಅಚ್ಚು ಬೆಲ್ಲ. ಇನ್ನೊಂದರಲ್ಲಿ ಸೂಪರ್ ಮಾರ್ಕೆಟ್‌ನ ಸಾವಯವ ಬೆಲ್ಲದ ಪುಡಿ. ಮೂರನೆಯದರಲ್ಲಿ ಪಾಂಡವಪುರದ ಕಡೆಯ ಒಬ್ಬ ಸಾವಯವ ರೈತರು ತಮ್ಮದೇ ಕಬ್ಬು ಅರೆದು, ತಾವೇ ನಿಂತು ಕಾಯಿಸಿದ ಕಂದು ಉಂಡೆ ಬೆಲ್ಲ.

ಕಾಫಿಗೆ, ಸಾರಿಗೆ, ಹಬ್ಬದ ಅಡುಗೆಗೆ ಮೂರನ್ನೂ ಹಾಕಿ ನೋಡಿದೆ. ನನ್ನ ಮನಸ್ಸು ಮೂರನೆಯದರ ಮೇಲೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅದೇ ಬೆಲ್ಲ ಆಷಾಢದಲ್ಲಿ ಕೊಟ್ಟ ಕಷ್ಟದ ಬಗ್ಗೆ ತುಂಬಾ ಬರೆಯಬೇಕಿದೆ. ಅದನ್ನು ಓದಿ ನಾನು ಆ ಬೆಲ್ಲ ಬಿಟ್ಟೆ ಅಂದುಕೊಳ್ಳಬೇಡಿ.

ಇದೆಲ್ಲ ಶುರುವಾಗಿದ್ದು ಒಂದು ಕೆಟ್ಟ ಖರೀದಿಯಿಂದ. ಒಂದು ಅಂಗಡಿಯಲ್ಲಿ ಕಪ್ಪು ಬೆಲ್ಲದ ಪ್ಯಾಕೆಟ್ ಕಂಡಿತು. ಮೇಲೆ ಹಸಿರು ಎಲೆಯ ಚಿತ್ರ, ‘ನ್ಯಾಚುರಲ್’ ಅನ್ನುವ ದೊಡ್ಡ ಅಕ್ಷರ. ಕಪ್ಪಗಿದ್ದರೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರಲ್ಲ, ಎರಡು ಕೆಜಿ ತಂದೆ. ಪಾಯಸಕ್ಕೆ ಅಂತ ನೀರಿನಲ್ಲಿ ಕರಗಿಸಿ ಸೋಸಿದರೆ ಪಾತ್ರೆಯ ತಳದಲ್ಲಿ ಬೆರಳಿನಲ್ಲಿ ಬಳಿಯುವಷ್ಟು ಬಿಳಿ ಗಸಿ. ನಾಲಿಗೆಗೆ ಇಟ್ಟರೆ ಸಿಹಿಯ ಹಿಂದೆ ಉಪ್ಪುಪ್ಪು. ನಮ್ಮ ಅತ್ತೆ ಮದ್ದೂರಿನ ಕಡೆಯವರು, ಅವರ ತಂದೆ ಆಲೆಮನೆ ನಡೆಸಿದವರು. ಒಂದು ಚೂರು ಬಾಯಿಗೆ ಹಾಕಿಕೊಂಡು, "ಇದು ಬಣ್ಣಕ್ಕಷ್ಟೇ ಕಪ್ಪು ಕಣಮ್ಮ, ಪಾಕ ಸೀದಿದೆ" ಅಂದರು.

ಆಮೇಲೆ ಪ್ಯಾಕೆಟ್ ತಿರುಗಿಸಿ ಓದಿದೆ. ಸಾವಯವ ಅನ್ನುವ ಮಾತು ಎಲ್ಲೂ ಇರಲಿಲ್ಲ. ಸಾವಯವ ಆಹಾರದ ಮೇಲೆ ಇರುವ ‘ಜೈವಿಕ್ ಭಾರತ್’ ಅನ್ನುವ ಸರ್ಕಾರಿ ಗುರುತೂ ಇರಲಿಲ್ಲ. ನ್ಯಾಚುರಲ್ ಅನ್ನುವುದಕ್ಕೂ ಸಾವಯವ ಅನ್ನುವುದಕ್ಕೂ ಸಂಬಂಧವೇ ಇಲ್ಲ ಅನ್ನುವುದು ನನಗೆ ತಿಳಿದಿದ್ದು ಆವತ್ತು.

ಬೆಲ್ಲದ ವಿಷಯದಲ್ಲಿ ಸಾವಯವ ಅಂದರೆ ಎರಡು ಕಡೆ ನೋಡಬೇಕು. ಒಂದು ಗದ್ದೆ, ಇನ್ನೊಂದು ಕೊಪ್ಪರಿಗೆ. ಕಬ್ಬು ಯೂರಿಯಾ ಇಲ್ಲದೆ ಬೆಳೆದಿರಬಹುದು, ಕೊಪ್ಪರಿಗೆಗೆ ಬಿದ್ದ ಮೇಲೆ ರಾಸಾಯನಿಕ ಸೇರಬಹುದು. ಕೊಪ್ಪರಿಗೆಗೆ ಏನೂ ಹಾಕದೆ ಇರಬಹುದು, ಗದ್ದೆಗೆ ಮೂಟೆಗಟ್ಟಲೆ ಸುರಿದಿರಬಹುದು. ‘ಕೆಮಿಕಲ್ ಇಲ್ಲದ ಬೆಲ್ಲ’ ಅಂತ ಮಾರುವವರಲ್ಲಿ ಹಲವರು ಹೇಳುವುದು ಕೊಪ್ಪರಿಗೆಯ ಮಾತು ಮಾತ್ರ. ಅದೂ ಒಳ್ಳೆಯದೇ. ಆದರೆ ಅರ್ಧ.

ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಆಲೆಮನೆಗೆ ಹೋದಾಗ. ಪಾಂಡವಪುರದ ಆ ರೈತರು ಅತ್ತೆಯ ತಮ್ಮನ ಮಗನಿಗೆ ಪರಿಚಯವಿದ್ದವರು. ಜನವರಿಯಲ್ಲಿ ಒಂದು ಭಾನುವಾರ ಬೆಳಗ್ಗೆಯೇ ಹೊರಟೆವು. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿಯುವ ಗದ್ದೆ. ಕಬ್ಬಿನ ತರಗಿಗೆ ಬೆಂಕಿ ಇಡದೆ ಸಾಲಿನ ಮಧ್ಯೆ ಹಾಗೇ ಹೊದಿಸಿದ್ದರು. ಕಾಲಿಟ್ಟರೆ ಮೆತ್ತಗೆ. ಕೈಯಲ್ಲಿ ಸರಿಸಿ ನೋಡಿದರೆ ಅಡಿಯಲ್ಲಿ ತಣ್ಣನೆಯ ಕಪ್ಪು ಮಣ್ಣು, ಎರಡು ಎರೆಹುಳ.

ಬದುವಿನ ಪಕ್ಕ ನೀಲಿ ಡ್ರಮ್ಮಿನಲ್ಲಿ ಜೀವಾಮೃತ, ಅಂದರೆ ಗದ್ದೆಗೆ ಹಾಕುವ ಹುದುಗಿಸಿದ ದ್ರವ. 200 ಲೀಟರ್ ನೀರಿಗೆ 10 ಕೆಜಿ ಸಗಣಿ, ಗಂಜಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, 2 ಕೆಜಿ ಬೆಲ್ಲ, ಒಂದು ಹಿಡಿ ಬದುವಿನ ಮಣ್ಣು. ಗದ್ದೆಯ ಬೆಲ್ಲದಲ್ಲಿ ಒಂದು ಪಾಲು ಮತ್ತೆ ಗದ್ದೆಗೇ ಹೋಗುತ್ತದೆ.

ಗಾಣದಿಂದ ಬಂದ ಕಬ್ಬಿನ ಹಾಲು ಬಟ್ಟೆಯಲ್ಲಿ ಸೋಸಿ ಕೊಪ್ಪರಿಗೆಗೆ ಹೋಗುತ್ತಿತ್ತು. ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ. ಹಾಲು ಬಿಸಿಯಾಗುತ್ತಿದ್ದ ಹಾಗೆ ಸ್ವಲ್ಪ ಸುಣ್ಣದ ತಿಳಿ, ಆಮೇಲೆ ಜಜ್ಜಿದ ಬೆಂಡೆ ಗಿಡದ ಲೋಳೆ. ಆ ಲೋಳೆ ಬಿದ್ದ ಸ್ವಲ್ಪ ಹೊತ್ತಿಗೆ ಹಸಿರು ಮಿಶ್ರಿತ ಕಪ್ಪು ಮಡ್ಡಿ ಮೇಲೆದ್ದು ಬಂತು. ಅದನ್ನು ಜಾಲರಿಯಲ್ಲಿ ತೆಗೆದು ತೆಗೆದು ಹಾಕುವುದೇ ದೊಡ್ಡ ಕೆಲಸ. ಉಕ್ಕಿ ಬಂದಾಗ ಎರಡು ಹನಿ ಹರಳೆಣ್ಣೆ. ಕೊನೆಗೆ ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟುತ್ತದಾ ಅಂತ ನೋಡಿ ಇಳಿಸಿದರು. ಒಂದು ಟನ್ ಕಬ್ಬಿಗೆ ಹೆಚ್ಚುಕಮ್ಮಿ 100 ಕೆಜಿ ಬೆಲ್ಲ.

"ಅಣ್ಣ, ಮಂಡಿಯಲ್ಲಿ ಸಿಗೋದು ಅಷ್ಟು ಹಳದಿ ಹೇಗೆ ಬರುತ್ತೆ?" ಅಂತ ಕೇಳಿದೆ.

"ಹೈಡ್ರೋಸ್ ಹಾಕ್ತಾರೆ ಅಕ್ಕ. ಬೆಳ್ಳಗಿದ್ರೆ ರೇಟು. ಹಿಂಗೆ ಕೆಂಪಗಿದ್ರೆ ಮಂಡಿಯೋರು ಮುಟ್ಟೋದೇ ಇಲ್ಲ. ತಿನ್ನೋರು ಬಣ್ಣ ಕೇಳ್ತಾರೆ, ಕಾಯ್ಸೋರು ಬಣ್ಣ ಕೊಡ್ತಾರೆ" ಅಂದರು.

ಹೈಡ್ರೋಸ್ ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಬಣ್ಣ ತೆಗೆಯುವ ಪುಡಿ. ಅದು ಬೆಲ್ಲದಲ್ಲಿ ಗಂಧಕದ ಅಂಶ ಬಿಡುತ್ತದೆ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಒಂದು ಕೆಜಿಗೆ 70 ಮಿಲಿಗ್ರಾಂ ಮೀರಬಾರದು ಅನ್ನುವ ಮಿತಿ ನಮ್ಮ ದೇಶದ ಆಹಾರ ಸುರಕ್ಷತೆ ನಿಯಮದಲ್ಲಿದೆ. ಆದರೆ ಬಿಡಿಯಾಗಿ ತರುವ ಅಚ್ಚು ಬೆಲ್ಲದ ಮೇಲೆ ಚೀಟಿಯೇ ಇರುವುದಿಲ್ಲ. ಅದರಲ್ಲಿ ಎಷ್ಟಿದೆ ಅಂತ ನೋಡುವುದು ಹೇಗೆ? ಈ ಗಂಧಕದ ಅಂಶ ಆಸ್ತಮಾ ಇರುವ ಕೆಲವರಿಗೆ ಆಗಿಬರುವುದಿಲ್ಲ. ನಮ್ಮ ಅತ್ತೆಗೆ ಆಸ್ತಮಾ ಇದೆ. ಬೆಲ್ಲ ಬದಲಾಯಿಸಿದ್ದರಿಂದ ಅವರಿಗೆ ವಾಸಿಯಾಯಿತು ಅಂತ ಖಂಡಿತ ಹೇಳುವುದಿಲ್ಲ, ಇನ್‌ಹೇಲರ್ ಈಗಲೂ ದಿಂಬಿನ ಪಕ್ಕದಲ್ಲೇ ಇದೆ. ಬೇಡದ ಒಂದು ವಸ್ತು ದಿನಾ ಅವರ ಕಾಫಿಗೆ ಬೀಳುತ್ತಿಲ್ಲ ಅನ್ನುವ ಸಮಾಧಾನ ನನಗೆ, ಅಷ್ಟೇ.

ಇನ್ನೊಂದು ಮಾತೂ ಇಲ್ಲೇ ಹೇಳಬೇಕು. ಸಾವಯವ ಬೆಲ್ಲ ತಿಂದರೆ ಶುಗರ್ ಏರುವುದಿಲ್ಲ ಅಂತ ನಮ್ಮ ಬೀದಿಯಲ್ಲೇ ನಾಲ್ಕು ಜನ ಹೇಳುತ್ತಾರೆ. ಅದು ಸುಳ್ಳು. ಗದ್ದೆಗೆ ಏನು ಹಾಕಿದ್ದರೂ ಬೆಲ್ಲದಲ್ಲಿ ಇರುವುದು ಮುಖ್ಯವಾಗಿ ಸಕ್ಕರೆಯೇ. ನಮ್ಮ ಯಜಮಾನರಿಗೆ ಶುಗರ್ ಇದೆ, ಅವರಿಗೆ ಮೂರು ಡಬ್ಬಿಯೂ ಒಂದೇ. ಮೂರನ್ನೂ ದೂರ ಇಟ್ಟಿದ್ದೇನೆ.

ಈಗ ರುಚಿ. ಮಂಡಿಯ ಅಚ್ಚು ಬೆಲ್ಲ ಬರೀ ಸಿಹಿ. ಬಾಯಲ್ಲಿಟ್ಟ ತಕ್ಷಣ ಸಿಹಿ, ಕರಗಿದ ಮೇಲೆ ಏನೂ ಉಳಿಯುವುದಿಲ್ಲ. ಪ್ಯಾಕೆಟ್ ಪುಡಿ ಅದಕ್ಕಿಂತ ವಾಸಿ, ಸ್ವಲ್ಪ ಹುರಿದ ವಾಸನೆ ಇದೆ. ಉಂಡೆ ಬೆಲ್ಲಕ್ಕೆ ಮಾತ್ರ ಆಲೆಮನೆಯ ಮುಂದೆ ನಿಂತಾಗ ಬರುವ ಘಮವಿದೆ. ಸಿಹಿ ನಿಧಾನವಾಗಿ ಏರುತ್ತದೆ, ಕೊನೆಯಲ್ಲಿ ಒಂದು ಚೂರು ಒಗರು. ಯುಗಾದಿಗೆ ಅದರಲ್ಲೇ ಒಬ್ಬಟ್ಟು ಮಾಡಿದೆ. ಹೂರಣ ಎಷ್ಟು ಕಪ್ಪಾಯಿತು ಅಂದರೆ ನಾದಿನಿ "ಅತ್ತಿಗೆ, ಸೀಯಿಸಿಬಿಟ್ರಾ?" ಅಂತ ಕೇಳಿದಳು. ತಿಂದ ಮೇಲೆ ಎರಡು ಕಟ್ಟಿಸಿಕೊಂಡು ಹೋದಳು. ತಿಳಿಸಾರಿಗೆ ಹಾಕುವ ಸಣ್ಣ ಚೂರಿನಲ್ಲೂ ವ್ಯತ್ಯಾಸ ಗೊತ್ತಾಗುತ್ತದೆ. ಮೊದಲು ಹಾಕುತ್ತಿದ್ದ ಅರ್ಧಕ್ಕೇ ಸಾಕು.

ಪಾಯಸದಲ್ಲಿ ಹಾಲು ಒಡೆಯುವ ಭಯ ಇರುವವರಿಗೆ: ಒಲೆ ಆರಿಸಿ ಹತ್ತು ನಿಮಿಷ ಬಿಟ್ಟು ಬೆಲ್ಲದ ಪಾಕ ಹಾಕಿ. ನನಗೆ ಮೂರರಲ್ಲೂ ಒಡೆಯಲಿಲ್ಲ.

ಎಳ್ಳು ಬೆಲ್ಲದಲ್ಲಿ ಮಾತ್ರ ಮಂಡಿಯ ಅಚ್ಚು ಬೆಲ್ಲವೇ ಗೆದ್ದಿತು. ಗಟ್ಟಿ ಇರುವುದರಿಂದ ಅಡಕತ್ತರಿಗೆ ಸಿಕ್ಕಿ ಚೊಕ್ಕವಾಗಿ ತುಂಡಾಗುತ್ತದೆ. ಉಂಡೆ ಬೆಲ್ಲ ಮೆತ್ತಗೆ, ಕತ್ತರಿಗೇ ಅಂಟುತ್ತದೆ. ಹೆಚ್ಚಿ, ಒಂದು ರಾತ್ರಿ ಫ್ಯಾನ್ ಕೆಳಗೆ ಆರಿಸಿದರೂ ಸಂಕ್ರಾಂತಿಯ ಸಂಜೆಗೆ ಕೊಬ್ಬರಿ, ಕಡಲೆಕಾಯಿಬೀಜ, ಹುರಿಗಡಲೆ ಎಲ್ಲ ಅಂಟಿಕೊಂಡು ಮುದ್ದೆಯಾಯಿತು. ಪುಡಿಯಲ್ಲಿ ಎಳ್ಳು ಬೆಲ್ಲ ಮಾಡುವ ಮಾತೇ ಇಲ್ಲ. ಹಾಗಾಗಿ ವರ್ಷಕ್ಕೊಮ್ಮೆ ಅರ್ಧ ಕೆಜಿ ಅಚ್ಚು ಬೆಲ್ಲ ತರುತ್ತೇನೆ, ಅದಕ್ಕೆ ಬೇಸರವಿಲ್ಲ.

ಇನ್ನು ಆಷಾಢದ ವಿಷಯ.

ಜನವರಿಯಲ್ಲಿ ತಂದ ಐದು ಕೆಜಿ ಏಪ್ರಿಲ್‌ವರೆಗೆ ಚೆನ್ನಾಗೇ ಬಂತು. ಅದೇ ಧೈರ್ಯದಲ್ಲಿ ಮೇ ಕೊನೆಯಲ್ಲಿ ಹತ್ತು ಕೆಜಿ ತಂದೆ. ಮಳೆಗಾಲಕ್ಕೆ ಕೂಡಿಟ್ಟುಕೊಳ್ಳೋಣ ಅಂತ. ಕಾರಿನ ಡಿಕ್ಕಿಯಲ್ಲಿ ಬಂದ ಉಂಡೆಗಳನ್ನು ಹಾಗೇ ದೊಡ್ಡ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಿದೆ. ಜೂನ್‌ನಲ್ಲಿ ಉಂಡೆಗಳ ಮೈ ಮಿರಮಿರ ಅನ್ನುತ್ತಿತ್ತು. ಚೆನ್ನಾಗಿ ಕಾಣುತ್ತಿದೆ ಅಂದುಕೊಂಡೆ. ಅದು ಬೆವರಲು ಶುರುವಾಗಿತ್ತು ಅಂತ ತಿಳಿಯಲಿಲ್ಲ.

ಜುಲೈ ಎರಡನೇ ವಾರ ಜಡಿಮಳೆ. ಬಟ್ಟೆಯೇ ಒಣಗುತ್ತಿರಲಿಲ್ಲ. ಒಂದು ಬೆಳಗ್ಗೆ ಕಾಫಿಗೆ ಅಂತ ಡಬ್ಬಿಗೆ ಕೈ ಹಾಕಿದರೆ ಕೈಗೆ ಪಾಕ ಹತ್ತಿತು. ಮೇಲಿನ ಉಂಡೆಗಳು ಒಂದಕ್ಕೊಂದು ಕರಗಿ ಕೂಡಿಕೊಂಡಿದ್ದವು. ತಳದಲ್ಲಿ ಎರಡು ಬೆರಳು ಆಳ ಕಂದು ನೀರು. ಡಬ್ಬಿಯ ಅಂಚಿನಿಂದ ಒಸರಿ, ಕಟ್ಟೆಯ ಮೇಲೆ ಉಂಗುರದ ಹಾಗೆ ಅಂಟಿತ್ತು. ಆ ಉಂಗುರದ ಸುತ್ತ ಇರುವೆ. ಗೋಡೆಯ ಮೇಲೆ ಸಾಲು, ಕಿಟಕಿಯಿಂದ ಸಾಲು. ನೀರು ತುಂಬಿದ ತಟ್ಟೆಯ ಮಧ್ಯೆ ಡಬ್ಬಿ ಇಟ್ಟೆ. ಇರುವೆ ನಿಂತಿತು. ಆದರೆ ಆ ತಟ್ಟೆಯ ನೀರಿನ ತೇವವೂ ಡಬ್ಬಿಯ ಪಕ್ಕದಲ್ಲೇ ಸೇರಿಕೊಂಡಿತು.

ಫ್ರಿಜ್‌ನಲ್ಲಿ ಇಟ್ಟರೆ ಸರಿಹೋಗುತ್ತದೆ ಅಂತ ಪಕ್ಕದ ಮನೆಯವರು ಹೇಳಿದರು. ಗಟ್ಟಿಯಾಗೇನೋ ಆಯಿತು. ಹೊರಗೆ ತೆಗೆದ ಐದು ನಿಮಿಷಕ್ಕೆ ಮೈ ತುಂಬಾ ನೀರಿನ ಹನಿ. ದಿನಕ್ಕೆ ನಾಲ್ಕು ಸಲ ತೆಗೆದು ಇಡುವ ಮನೆಯಲ್ಲಿ ಅದು ನಡೆಯುವ ಉಪಾಯವಲ್ಲ. ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟೆ. ಅಕ್ಕಿ ಅಂಟಿತು. ಪೇಪರ್ ಸುತ್ತಿದೆ. ಪೇಪರ್ ಬಿಡಿಸಲು ಬರಲಿಲ್ಲ. ಆಗಸ್ಟ್ ಹೊತ್ತಿಗೆ ತಳದ ಎರಡು ಕೆಜಿಗೆ ಹುಳಿ ವಾಸನೆ ಬಂತು.

ಅತ್ತೆ ನನಗೆ ಬೈಯಲಿಲ್ಲ. "ನಮ್ಮಪ್ಪನ ಮನೇಲಿ ಗುಡಾಣಕ್ಕೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಒಲೆ ಮೇಲಿನ ಅಟ್ಟದಲ್ಲಿ ಇಡ್ತಿದ್ರು. ಹೊಗೆ, ಶಾಖ ಎರಡೂ ತಾಗ್ತಿತ್ತು. ನಿನ್ ಗ್ಯಾಸ್ ಒಲೆ ಮೇಲೆ ಅಟ್ಟ ಎಲ್ಲಿ ತರ್ತೀಯ?" ಅಂದರು.

ರೈತರಿಗೆ ಫೋನ್ ಮಾಡಿದೆ. ತಪ್ಪು ಎರಡೂ ಕಡೆ ಇತ್ತು ಅಂತ ಅವರೇ ಒಪ್ಪಿಕೊಂಡರು. ಮೇ ತಿಂಗಳಿನ ಕಬ್ಬು ಕಡಿದ ಮೇಲೆ ಆಳು ಸಿಗದೆ ಮೂರು ದಿನ ಬಿಸಿಲಲ್ಲಿ ಬಿದ್ದಿತ್ತಂತೆ. ಕಡಿದ ಕಬ್ಬು ಬಿದ್ದಷ್ಟೂ ಅದರೊಳಗಿನ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅವು ಜಾಸ್ತಿ ಇರುವ ಬೆಲ್ಲ ಮೆತ್ತಗಿರುತ್ತದೆ, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. "ಜನವರಿ, ಫೆಬ್ರವರಿ ಬೆಲ್ಲ ತಗೊಳ್ಳಿ ಅಕ್ಕ, ಕಬ್ಬು ಮಾಗಿರುತ್ತೆ, ಬೆಳಗ್ಗೆ ಕಡ್ದು ಸಂಜೆಗೆ ಅರೀತೀವಿ. ಮೇನಲ್ಲಿ ಕೂಡಿಡೋಕೆ ಕೇಳ್ಬೇಡಿ" ಅಂದರು. ನನ್ನ ಕಡೆಯ ತಪ್ಪು: ಬಿಸಿ ಡಿಕ್ಕಿಯಿಂದ ಇಳಿಸಿದ ಬೆಲ್ಲವನ್ನು ಆರಲು ಬಿಡದೆ ಮುಚ್ಚಿದ್ದು, ಹತ್ತೂ ಕೆಜಿಯನ್ನು ಒಂದೇ ಡಬ್ಬಿಗೆ ತುಂಬಿ ದಿನಾ ತೆರೆದಿದ್ದು.

ಮೇಲಿನ ಭಾಗ ಹಾಳಾಗಿರಲಿಲ್ಲ. ಅದನ್ನು ಕಾಯಿಸಿ ಸೋಸಿ, ಮಲೆನಾಡಿನವರ ಜೋನಿ ಬೆಲ್ಲದ ಹಾಗೆ ಗಾಜಿನ ಬಾಟಲಿಗೆ ತುಂಬಿದೆ. ಮಕ್ಕಳು ದೋಸೆಗೆ ಹಚ್ಚಿಕೊಂಡು ತಿಂದರು. ಹುಳಿ ಬಂದ ಎರಡು ಕೆಜಿಯನ್ನು ಮುಂದಿನ ಸಲ ಹೋದಾಗ ರೈತರಿಗೇ ವಾಪಸ್ ಕೊಟ್ಟೆ. ಅವರು ಮುಖ ಸಿಂಡರಿಸದೆ ತೆಗೆದುಕೊಂಡು ನೀಲಿ ಡ್ರಮ್ಮಿಗೆ ಸುರಿದು, ಕೋಲಿನಲ್ಲಿ ಕದಡಿದರು.

ಅದೇ ಮಳೆಗಾಲದಲ್ಲಿ ಉಳಿದ ಎರಡು ಡಬ್ಬಿಗಳು? ಮಂಡಿಯ ಅಚ್ಚಿನ ಮೈ ಸ್ವಲ್ಪ ತೇವವಾಯಿತು, ಕರಗಲಿಲ್ಲ. ಆದರೆ ಹೊಂಬಣ್ಣ ಹೋಗಿ ಮಂಕಾಯಿತು. ಯಾವ ಬಣ್ಣಕ್ಕಾಗಿ ಹೈಡ್ರೋಸ್ ಹಾಕುತ್ತಾರೋ ಆ ಬಣ್ಣವೇ ನಮ್ಮ ಮನೆಯಲ್ಲಿ ಮೂರು ತಿಂಗಳು ನಿಲ್ಲಲಿಲ್ಲ. ಪ್ಯಾಕೆಟ್ ಪುಡಿಗೆ ಮಾತ್ರ ಏನೂ ಆಗಲಿಲ್ಲ. ಅದರಲ್ಲಿ ತೇವವೇ ಕಡಿಮೆ. ಗಾಜಿನ ಬಾಟಲಿಯಲ್ಲಿ ಕೊನೆಯ ಚಮಚದವರೆಗೂ ಪುಡಿಯಾಗೇ ಇತ್ತು. ಈ ಒಂದು ವಿಷಯದಲ್ಲಿ ಅದಕ್ಕೆ ಪೂರ್ತಿ ಅಂಕ.

ಪುಡಿಯ ಇನ್ನೊಂದು ಅನುಕೂಲ ನಂಬಿಕೆಯದ್ದು. ಪ್ಯಾಕೆಟ್ ಮೇಲೆ ಜೈವಿಕ್ ಭಾರತ್ ಗುರುತು ಇದೆ. ಸಾವಯವ ಅಂತ ಹೆಸರಿಟ್ಟು ಮಾರುವ ಆಹಾರಕ್ಕೆ 2018ರ ಜುಲೈ 1ರಿಂದ ಪ್ರತ್ಯೇಕ ನಿಯಮ ಜಾರಿಯಲ್ಲಿದೆ. ಕೇಂದ್ರ ಸರ್ಕಾರದ ಎನ್‌ಪಿಒಪಿ (ಸಾವಯವ ಉತ್ಪಾದನೆಯ ರಾಷ್ಟ್ರೀಯ ಕಾರ್ಯಕ್ರಮ) ಪ್ರಮಾಣಪತ್ರ ಅಥವಾ ರೈತರು ಗುಂಪಾಗಿ ಪಡೆಯುವ ಪಿಜಿಎಸ್ ಪ್ರಮಾಣಪತ್ರ, ಎರಡರಲ್ಲಿ ಒಂದು ಬೇಕು. ಎನ್‌ಪಿಒಪಿಯಲ್ಲಿ ಗದ್ದೆ ರಾಸಾಯನಿಕ ಬಿಟ್ಟ ಕೂಡಲೇ ಸಾವಯವ ಆಗಿಬಿಡುವುದಿಲ್ಲ. ವರ್ಷದ ಬೆಳೆಗಳಿಗೆ ಕನಿಷ್ಠ 2 ವರ್ಷ ಕಾಯಬೇಕು. ಪಾಂಡವಪುರದ ನಮ್ಮ ರೈತರ ಬೆಲ್ಲದ ಮೇಲೆ ಗುರುತಿಲ್ಲ. ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗಿನ ವಹಿವಾಟಿನ ಸಣ್ಣ ಬೆಳೆಗಾರರು ನೇರವಾಗಿ ಗ್ರಾಹಕರಿಗೆ ಮಾರಿದರೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ, ಆದರೆ ಆ ಗುರುತು ಹಾಕುವ ಹಾಗಿಲ್ಲ. ಹೋಗಿ ನೋಡಲು ಆಗದವರು, ರೈತರ ಪರಿಚಯ ಇಲ್ಲದವರು ಗುರುತಿರುವ ಪ್ಯಾಕೆಟ್ ತೆಗೆದುಕೊಳ್ಳುವುದೇ ಸರಿ. ಸುಮ್ನೆ ಕಪ್ಪು ಬಣ್ಣ ನಂಬಿ ನಾನು ಮಾಡಿದ ಹಾಗೆ ಮಾಡಬೇಡಿ.

ನನಗೆ ಆ ಪುಡಿ ಯಾಕೆ ಒಗ್ಗಲಿಲ್ಲ ಅಂದರೆ, ಒಂದು ದಿನ ಪ್ಯಾಕೆಟ್ ಹಿಂದಿನ ವಿಳಾಸ ಓದಿದೆ. ತಯಾರಾದದ್ದು ಬೇರೆ ರಾಜ್ಯದಲ್ಲಿ. 1933ರಿಂದ ಮೈಷುಗರ್ ಸಕ್ಕರೆ ಕಾರ್ಖಾನೆ ಇರುವ ಊರು ಮಂಡ್ಯ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಅಂತ ಸರ್ಕಾರದ ಯೋಜನೆ ಬಂದಾಗ ಮಂಡ್ಯಕ್ಕೆ ಸಿಕ್ಕಿದ್ದು ಬೆಲ್ಲವೇ. ಅದರ ಪಕ್ಕದ ಮೈಸೂರಿನಲ್ಲಿ ಕೂತು, ದೂರದಿಂದ ಬಂದ ಬೆಲ್ಲ ತಿನ್ನಲು ಮನಸ್ಸು ಒಪ್ಪಲಿಲ್ಲ. ನಮ್ಮ ನಾಲೆಯ ಕೆಳಗಿನ ಮಣ್ಣು ಚೆನ್ನಾಗಾಗಲಿ ಅಂತಲೇ ಅಲ್ವಾ ನಾನು ಸಾವಯವಕ್ಕೆ ಜಾಸ್ತಿ ದುಡ್ಡು ಕೊಡುವುದು.

ದುಡ್ಡಿನ ಲೆಕ್ಕ. ನಾನು ತಂದಾಗ ಅಚ್ಚು ಬೆಲ್ಲ ಕೆಜಿಗೆ 60 ರೂಪಾಯಿ, ಉಂಡೆ ಬೆಲ್ಲ 100, ಪುಡಿ ಅರ್ಧ ಕೆಜಿಗೆ 85. ನಮಗೆ ತಿಂಗಳಿಗೆ ಎರಡು ಕೆಜಿ ಬೇಕಿತ್ತು. ಅಂದರೆ 120, 200, 340. ಆದರೆ ಉಂಡೆ ಬೆಲ್ಲ ಬಂದ ಮೇಲೆ ಎರಡು ಕೆಜಿ ಒಂದೂವರೆಗೆ ಇಳಿಯಿತು. ರುಚಿ ಗಾಢ, ಕಡಿಮೆ ಹಾಕಿದರೂ ಸಾಕು. ಹಾಗೆ ನೋಡಿದರೆ ಅಚ್ಚು ಬೆಲ್ಲಕ್ಕಿಂತ ತಿಂಗಳಿಗೆ 30 ರೂಪಾಯಿ ಜಾಸ್ತಿ. ಮನೆಯ ಎಲ್ಲ ದಿನಸಿಯನ್ನೂ ಸಾವಯವ ಮಾಡುವಷ್ಟು ಸಂಬಳ ನಮಗಿಲ್ಲ. ತೊಗರಿಬೇಳೆ, ಎಣ್ಣೆ ಈಗಲೂ ಮಾಮೂಲಿ ಅಂಗಡಿಯದ್ದೇ. ಒಂದೇ ಒಂದು ಪದಾರ್ಥ ಬದಲಾಯಿಸಬಹುದು ಅಂದರೆ ನಾನು ಬೆಲ್ಲವನ್ನೇ ಆರಿಸುತ್ತೇನೆ. ಅಕ್ಕಿ, ಬೇಳೆಯನ್ನು ತೊಳೆದು ಹಾಕುತ್ತೇವೆ, ತರಕಾರಿ ತೊಳೆಯುತ್ತೇವೆ. ಬೆಲ್ಲವನ್ನು ತೊಳೆಯಲು ಆಗುವುದಿಲ್ಲ. ಕೊಪ್ಪರಿಗೆಗೆ ಬಿದ್ದಿದ್ದೆಲ್ಲ ಲೋಟಕ್ಕೆ ಬರುತ್ತದೆ.

ಈ ವರ್ಷ ಹೀಗೆ ಮಾಡಿದ್ದೇನೆ. ಫೆಬ್ರವರಿ ಮೊದಲ ವಾರ ಹೋಗಿ, ಹಿಂದಿನ ದಿನ ಕಾಯಿಸಿದ ಎಂಟು ಕೆಜಿ ತಂದೆ. ಜಮಖಾನದ ಮೇಲೆ ಹಳೆ ಪಂಚೆ ಹಾಸಿ ಒಂದು ರಾತ್ರಿ ಆರಿಸಿದೆ. ಅರ್ಧರ್ಧ ಕೆಜಿ ಮಾಡಿ ಬಟರ್ ಪೇಪರ್ ಸುತ್ತಿ, ಗಾಳಿಯಾಡದ ಸಣ್ಣ ಡಬ್ಬಿಗಳಿಗೆ ಹಾಕಿದೆ. ಒಂದು ಮುಗಿಯುವ ತನಕ ಇನ್ನೊಂದನ್ನು ತೆರೆಯುವುದಿಲ್ಲ. ಆಷಾಢ ಕಾಲಿಡುವ ಹೊತ್ತಿಗೆ ಎಲ್ಲ ಮುಗಿದಿರಬೇಕು. ಅಲ್ಲಿಂದ ಗೌರಿ ಹಬ್ಬದವರೆಗೆ ಪ್ಯಾಕೆಟ್ ಪುಡಿ, ನಾಲ್ಕು ಕಾಸು ಜಾಸ್ತಿಯಾದರೂ ಸರಿ. ಮಳೆ ಕಡಿಮೆಯಾದ ಮೇಲೆ ಅಕ್ಟೋಬರ್‌ನಲ್ಲಿ ಮೊದಲ ಕೊಪ್ಪರಿಗೆ ಇಳಿಸುವ ದಿನ ಫೋನ್ ಮಾಡುತ್ತೇನೆ ಅಂತ ರೈತರು ಹೇಳಿದ್ದಾರೆ. ಅತ್ತೆಯೂ ಬರುತ್ತಾರಂತೆ. ಪಾಕದ ಹದ ಅವರು ನೋಡಬೇಕಂತೆ.